ಗದ್ದ ಎತ್ತಿದರೆ ಕೈ ತೆಗೆಯಬೇಕು

ಕಂಬಳಿ ನಮ್ಮ ಮನೆಗೆ ಬಂದದ್ದು ಮೇ ತಿಂಗಳ ಕೊನೆಯ ವಾರ. ಆಗ ಅವನಿಗೆ 10 ವಾರ ತುಂಬಿತ್ತು. ಲಾಸಾ ಆಪ್ಸೊ ಎಂಬ ಟಿಬೆಟ್ ಮೂಲದ ಜಾತಿಯ ಗಂಡು ನಾಯಿಮರಿ. ಬೂದಿ ಮತ್ತು ಕಂದು ಬೆರೆತ ಬಣ್ಣ. ಬುಟ್ಟಿಯಲ್ಲಿ ಮುದುಡಿ ಮಲಗಿದ್ದವನನ್ನು ಕಂಡು ಅತ್ತೆ, "ಇದೇನು, ಕಂಬಳಿ ಮಡಚಿ ಇಟ್ಟ ಹಾಗಿದೆಯಲ್ಲ" ಎಂದರು. ಹೆಸರು ಹುಡುಕುವ ಕೆಲಸ ಅಲ್ಲಿಗೇ ಮುಗಿಯಿತು.

ನಮ್ಮ ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಟಿಬೆಟ್ಟಿನ ಒಣ ಚಳಿಯನ್ನು ತಡೆಯಲು ಬೆಳೆದ ಕೂದಲು ಆಗುಂಬೆಯ ಮಳೆಯ ಸೀಮೆಗೆ ಬಂದಿತ್ತು. ಇಲ್ಲಿ ಮಳೆ ಹಿಡಿಯಿತೆಂದರೆ ಅಂಗಳದ ಕಲ್ಲು ತಿಂಗಳುಗಟ್ಟಲೆ ಒಣಗುವುದಿಲ್ಲ. ಮರಿ ಒಂದು ಸುತ್ತು ಹೊರಗೆ ಹೋಗಿ ಬಂದರೆ ಹೊಟ್ಟೆಯ ಕೂದಲಿಗೆ ಕೆಸರು, ಕಾಲಿನ ಕೂದಲಿಗೆ ಉತ್ತರಾಣಿಯ ಬೀಜ. ಆದರೂ ಮೊದಲ ಕೆಲವು ವಾರ ನಾವು ಅವನನ್ನು ಎತ್ತಿ ಮುದ್ದಿಸಿದೆವೇ ಹೊರತು ಬಾಚಣಿಗೆಯ ಸುದ್ದಿಗೇ ಹೋಗಲಿಲ್ಲ. ಕೂದಲು ರೇಷ್ಮೆಯಂತೆ ಜಾರುತ್ತಿತ್ತು; ಬಾಚುವುದಕ್ಕೆ ಏನಿದೆ ಎನಿಸಿತ್ತು. ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ನಾಯಿಮರಿ ಹೊಸ ಸದ್ದು, ಹೊಸ ಸ್ಪರ್ಶಗಳನ್ನು ಹೆಚ್ಚು ಹೆದರದೆ ಒಪ್ಪಿಕೊಳ್ಳುತ್ತದೆ. ಆ ಬಾಗಿಲು ಮುಚ್ಚುತ್ತಾ ಬರುವ ದಿನಗಳನ್ನು ನಾನು ಸುಮ್ಮನೆ ಕಳೆದುಬಿಟ್ಟೆ.

ಜೂನ್ ಮೂರನೇ ವಾರ, ಬಿಡದೆ ಸುರಿದ ಮಳೆಯ ನಾಲ್ಕನೇ ದಿನ, ಅವನ ಬಲಗಿವಿಯ ಹಿಂದೆ ಕೈಗೆ ಒಂದು ಗಂಟು ಸಿಕ್ಕಿತು. ಅಡಿಕೆಯಷ್ಟು ದಪ್ಪ. ಕೂದಲೆಲ್ಲ ಸಿಕ್ಕುಗಟ್ಟಿ ಚರ್ಮಕ್ಕೆ ಅಂಟಿಕೊಂಡಿತ್ತು. ಬಿಸಿನೀರಿನಲ್ಲಿ ನೆನೆಸಿದರೆ ಸಡಿಲವಾಗಬಹುದೆಂದು ಬಚ್ಚಲಿಗೆ ಒಯ್ದು ಸ್ನಾನ ಮಾಡಿಸಿದೆ. ಆದದ್ದು ತಿರುಗುಮುರುಗು. ಉಣ್ಣೆಯನ್ನು ಬಿಸಿನೀರಿನಲ್ಲಿ ಹಿಂಡಿದರೆ ಹೇಗೆ ಗಟ್ಟಿಯಾಗುತ್ತದೆಯೋ ಹಾಗೆ ಗಂಟು ಇನ್ನಷ್ಟು ಬಿಗಿಯಿತು. ಸಿಕ್ಕು ಇರುವ ಕೂದಲಿಗೆ ನೀರು ಹಾಕಬಾರದು, ಮೊದಲು ಬಾಚಿ ಆಮೇಲೆ ಸ್ನಾನ ಎಂಬುದು ಆ ದಿನ ನನಗೆ ತಿಳಿದಿರಲಿಲ್ಲ. ಗಂಡ ಮರಿಯನ್ನು ತೊಡೆಯ ಮೇಲೆ ಅದುಮಿ ಹಿಡಿದರು, ನಾನು ಬಾಚಣಿಗೆ ಹಾಕಿ ಎಳೆದೆ. ಅವನು ಕಿರುಚಿದ. ಇನ್ನೊಮ್ಮೆ ಎಳೆದೆ. ಮೂರನೆಯ ಸಲಕ್ಕೆ ಅವನ ಹಾಲುಹಲ್ಲು ನನ್ನ ಹೆಬ್ಬೆರಳಿನ ಬುಡಕ್ಕೆ ಇಳಿಯಿತು.

ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನ ಕೆಳಗೆ 15 ನಿಮಿಷ ತೊಳೆದೆ. ಅವನಿಗೆ ರೇಬೀಸ್ ಲಸಿಕೆ ಇನ್ನೂ ಆಗಿರಲಿಲ್ಲ. ಮನೆಯ ಮರಿ ತಾನೆ ಎಂದು ಬಿಡುವ ವಿಷಯ ಇದಲ್ಲ. ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಿಸಿಕೊಂಡೆ. ಮತ್ತೆ 3ನೇ ದಿನ, 7ನೇ ದಿನ, 28ನೇ ದಿನ. ಆ ನೋವಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಮರುದಿನ ಬೆಳಗಿನ ಸಂಗತಿ. ಮಗಳಿಗೆ ಜಡೆ ಹಾಕಲೆಂದು ಮೇಜಿನ ಡ್ರಾಯರ್ ಎಳೆದೆ. ಆ ಸದ್ದಿಗೆ ಕಂಬಳಿ ಮಂಚದ ಅಡಿಗೆ ನುಗ್ಗಿ, ಗೋಡೆಗೆ ಅಂಟಿಕೊಂಡು, ಒಂದು ಗಂಟೆಯಾದರೂ ಹೊರಗೆ ಬರಲಿಲ್ಲ. ಅವನಿಗಿನ್ನೂ ನಾಲ್ಕು ತಿಂಗಳು ಸಹ ತುಂಬಿರಲಿಲ್ಲ. ಇನ್ನು ಹನ್ನೆರಡು, ಹದಿನಾಲ್ಕು ವರ್ಷ ದಿನವೂ ಬಾಚಿಸಿಕೊಳ್ಳಬೇಕಾದ ಜೀವಕ್ಕೆ ನಾನು ಒಂದೇ ಸಂಜೆಯಲ್ಲಿ ಬಾಚಣಿಗೆ ಎಂದರೆ ಏನೆಂದು ಕಲಿಸಿಬಿಟ್ಟಿದ್ದೆ.

ಬಾಚದೆ ಬಿಡುವ ಹಾಗೂ ಇರಲಿಲ್ಲ. ಚಂದ ಕಾಣಲಿ ಎಂಬ ಆಸೆಯ ಮಾತಲ್ಲ ಇದು. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ. ಮಲೆನಾಡಿನಲ್ಲಿ ಬೇಸಿಗೆ ಹತ್ತಿರವಾಯಿತೆಂದರೆ ಜನ ಕಾಡಿನಿಂದ ಬಂದವರ ಬಟ್ಟೆಯನ್ನೂ ದನದ ಮೈಯನ್ನೂ ನೋಡುತ್ತಾರೆ. ನಾಯಿಗೆ ಅದರದೇ ಬೇರೆ ಉಣ್ಣೆ ಜ್ವರವೂ ಇದೆ. ಕುರಿಯ ಕೂದಲಿಗೂ ಆ ಹುಳಕ್ಕೂ ನಮ್ಮ ಭಾಷೆ ಉಣ್ಣೆ ಎಂಬ ಒಂದೇ ಪದವನ್ನು ಇಟ್ಟುಕೊಂಡಿರುವುದು ನನಗೆ ಆಗೆಲ್ಲ ನೆನಪಾಗುತ್ತಿತ್ತು. ಕಂಬಳಿಯ ಕೂದಲ ಅಡಿಯಲ್ಲಿ ಏನಿದೆ ಎಂದು ದಿನವೂ ನೋಡಲೇಬೇಕಿತ್ತು, ಅವನು ಕೈ ಹಾಕಲೇ ಬಿಡುತ್ತಿರಲಿಲ್ಲ.

ಪಶು ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಗಂಟನ್ನು ಕ್ಲಿಪ್ಪರ್‌ನಿಂದ ತೆಗೆದರು. ಕತ್ತರಿ ಬಳಸಬೇಡಿ, ಸಿಕ್ಕಿನೊಳಗೆ ಚರ್ಮವೂ ಎದ್ದು ಬಂದಿರುತ್ತದೆ, ಕಾಣುವುದಿಲ್ಲ, ಕೊಯ್ದುಹೋಗುತ್ತದೆ ಎಂದರು. ಕಂಕುಳು, ಹೊಟ್ಟೆ, ತೊಡೆಯ ಸಂದು, ಬಾಲದ ಕೆಳಗೆ, ಪಾದದ ಬೆರಳ ನಡುವೆ, ಹೀಗೆ ಸಿಕ್ಕು ಕಟ್ಟುವ ಜಾಗಗಳ ಕೂದಲನ್ನೆಲ್ಲ ಗಿಡ್ಡ ಮಾಡಿದರು. "ಇದು ನಿಮಗೆ ನಾನು ಕೊಡುತ್ತಿರುವ ಸಮಯ. ಇನ್ನು ಎರಡು ತಿಂಗಳು ಗಂಟು ಬಿಡಿಸುವ ಅವಸರ ನಿಮಗೆ ಇರಬಾರದು. ಅವಸರ ಇದ್ದರೆ ಹಿಡಿದು ಎಳೆಯುತ್ತೀರಿ. ಎಳೆದರೆ ಕಲಿಸಿದ್ದೆಲ್ಲ ಹೋಯಿತು" ಎಂದರು. ಉದ್ದ ಕೂದಲ ಮರಿಯನ್ನು ತಂದವರು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ಅಭ್ಯಾಸ ಮಾಡಿಸುವ ಕೆಲಸವನ್ನೂ ಕೂದಲನ್ನು ಶುಚಿಯಾಗಿಡುವ ಕೆಲಸವನ್ನೂ ಒಂದೇ ದಿನ, ಒಂದೇ ಕೈಯಲ್ಲಿ ಮಾಡಲು ಹೋಗಬಾರದು.

ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಮೇಡಂ, ತಿಂಡಿಯನ್ನು ಯಾವಾಗ ತೋರಿಸುತ್ತೀರಿ? ಬಾಚಣಿಗೆ ತೆಗೆಯುವ ಮೊದಲೋ, ಆಮೇಲೋ?"

ಮೊದಲೇ ತೋರಿಸುತ್ತಿದ್ದೆ. ಪನೀರ್ ತುಂಡು ತೋರಿಸಿ, ಅವನು ಹತ್ತಿರ ಬಂದ ಮೇಲೆ ಬೆನ್ನ ಹಿಂದಿನಿಂದ ಬಾಚಣಿಗೆ ತೆಗೆಯುತ್ತಿದ್ದೆ. ನಾಲ್ಕೇ ದಿನಕ್ಕೆ ಅವನು ಪನೀರ್ ಡಬ್ಬಿಯ ಮುಚ್ಚಳದ ಸದ್ದಿಗೂ ಓಡಿಹೋಗುತ್ತಿದ್ದ. ನಾನು ಶಾಲಾ ಶಿಕ್ಷಕಿ. ಪಾವ್ಲೋವ್ ನಾಯಿಗಳ ಮೇಲೆ ಮಾಡಿದ ಪ್ರಯೋಗವನ್ನು ಬಿ.ಎಡ್. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದವಳು. ಸದ್ದು ಮೊದಲು, ಊಟ ಆಮೇಲೆ ಬಂದರೆ ಸದ್ದು ಊಟದ ಸುದ್ದಿಯಾಗುತ್ತದೆ. ನಾನು ಅದನ್ನು ತಲೆಕೆಳಗು ಮಾಡಿದ್ದೆ: ಊಟ ಮೊದಲು, ಭಯ ಆಮೇಲೆ. ಹಾಗಾಗಿ ಊಟವೇ ಭಯದ ಸುದ್ದಿಯಾಗಿತ್ತು.

ಮನೆಗೆ ಬಂದು ಹೊಸದಾಗಿ ಶುರುಮಾಡಿದೆವು. ಹಳೆಯ ಬಾಚಣಿಗೆಯನ್ನು ಅಟ್ಟಕ್ಕೆ ಹಾಕಿ, ಬೇರೆ ಬಣ್ಣದ ಹಿಡಿಯ ಒಂದು ಬ್ರಷ್, ಒಂದು ಕಡೆ ದೂರದೂರ, ಇನ್ನೊಂದು ಕಡೆ ಒತ್ತಾದ ಹಲ್ಲಿರುವ ಸ್ಟೀಲ್ ಬಾಚಣಿಗೆ ತಂದೆ. ಜಾಗವನ್ನೂ ಬದಲಿಸಿದೆವು: ಒಳಕೋಣೆಯ ಬದಲು ಜಗಲಿ, ಅದರ ಮೇಲೆ ಹಾಸಿದ ಗೋಣಿತಾಟು. ಗೋಣಿಯ ಮೇಲೆ ಕಾಲು ಜಾರುವುದಿಲ್ಲ. ಕಾಲು ಜಾರುವ ಕಡೆ ನಿಂತ ಮರಿಗೆ ನೆಮ್ಮದಿ ಇರುವುದಿಲ್ಲ ಎಂಬುದನ್ನು ನಯವಾದ ಟೈಲ್ಸ್ ಮೇಲೆ ಅವನು ನಿಲ್ಲುವ ರೀತಿ ನೋಡಿಯೇ ತಿಳಿದಿದ್ದೆ.

ಮೊದಲ ವಾರ ಅವನನ್ನು ಮುಟ್ಟಲೇ ಇಲ್ಲ. ಬ್ರಷ್ ನನ್ನ ಬೆನ್ನ ಹಿಂದಿನಿಂದ ಹೊರಬರುವುದು, ಅವನು ಅದನ್ನು ನೋಡುವುದು, ನೋಡಿದ ಮೇಲೆ ಕಡಲೆಕಾಳಿನಷ್ಟು ಪನೀರ್, ಬ್ರಷ್ ಮತ್ತೆ ಹಿಂದಕ್ಕೆ. ಬ್ರಷ್ ಹೋದರೆ ಪನೀರೂ ಹೋಯಿತು. ಹತ್ತು ಸಲ, ಅಷ್ಟೇ. ಎರಡು ನಿಮಿಷವೂ ಹಿಡಿಯುವುದಿಲ್ಲ. ಐದನೆಯ ದಿನ ಬ್ರಷ್ ಕಂಡಕೂಡಲೇ ಅವನು ಅದನ್ನು ಬಿಟ್ಟು ನನ್ನ ಇನ್ನೊಂದು ಕೈಯನ್ನು ನೋಡಿದ. ಬಾಲದ ತುದಿ ಸ್ವಲ್ಪ ಅಲ್ಲಾಡಿತು. ನನಗೆ ಕಣ್ಣು ತುಂಬಿ ಬಂತು.

ಎರಡನೆಯ ವಾರ ಬ್ರಷ್ಷಿನ ಬೆನ್ನಿನಿಂದ, ಹಲ್ಲಿಲ್ಲದ ಕಡೆಯಿಂದ, ಭುಜವನ್ನು ಒಂದೊಂದು ಸಲ ಸೋಕಿಸುವುದು. ಮೂರನೆಯ ವಾರದ ನಡುವೆ ನಿಜವಾದ ಒಂದು ಎಳೆತ. ಶುರುಮಾಡಿದ 18ನೇ ದಿನ ಅದು, ಬರೆದಿಟ್ಟಿದ್ದೇನೆ. ಶಾಲೆಯ ಹಳೆಯ ನೋಟ್‌ಪುಸ್ತಕವೊಂದರಲ್ಲಿ ದಿನಾಂಕ, ಯಾವ ಜಾಗ, ಎಷ್ಟು ಎಳೆತ, ಅವನು ಏನು ಮಾಡಿದ ಎಂದು ದಿನವೂ ಗುರುತು ಹಾಕುತ್ತಿದ್ದೆ. ಇದು ಬಹಳ ಉಪಯೋಗಕ್ಕೆ ಬಂತು. ಮನಸ್ಸು ಸದಾ 'ನಿನ್ನೆ ಇದಕ್ಕಿಂತ ಹೆಚ್ಚು ಬಿಟ್ಟಿದ್ದನಲ್ಲ' ಎಂದು ಅವಸರಪಡಿಸುತ್ತದೆ. ಪುಸ್ತಕ ನೋಡಿದರೆ ನಿನ್ನೆ ಬಿಟ್ಟದ್ದು ನಾಲ್ಕೇ ಎಳೆತ.

'ಅವನು ಏನು ಮಾಡಿದ' ಎಂಬ ಆ ಕಾಲಮ್ಮಿಗೆ ಬರೆಯಲು ನಾನು ನೋಡುವುದನ್ನು ಕಲಿಯಬೇಕಾಯಿತು. ಮರಿ ಗುರ್ರೆನ್ನುವ ಎಷ್ಟೋ ಮೊದಲೇ ಹೇಳುತ್ತಿರುತ್ತದೆ. ಏನೂ ತಿನ್ನದಿದ್ದರೂ ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ನೋಡುವುದು. ಇವೆಲ್ಲಕ್ಕಿಂತ ಮೋಸ ಮಾಡುವಂಥದ್ದು ಒಂದಿದೆ: ಮರಗಟ್ಟಿ ನಿಲ್ಲುವುದು. ನೋಡಿದವರು "ಎಷ್ಟು ಸುಮ್ಮನೆ ನಿಂತಿದೆ, ಜಾಣಮರಿ" ಎನ್ನುತ್ತಾರೆ. ಸುಮ್ಮನಿರುವ ಮರಿಯ ಮೈ ಮೆತ್ತಗಿರುತ್ತದೆ, ಬಾಯಿ ಸಡಿಲವಾಗಿರುತ್ತದೆ, ತಿಂಡಿ ಕೊಟ್ಟರೆ ತಿನ್ನುತ್ತದೆ. ಮರಗಟ್ಟಿದ ಮರಿ ಉಸಿರನ್ನೂ ಬಿಗಿಹಿಡಿದಿರುತ್ತದೆ. ಜೂನ್ ತಿಂಗಳ ಆ ಸಂಜೆ ಕಿರುಚುವ ಮೊದಲು ಕಂಬಳಿ ಹಾಗೆಯೇ ನಿಂತಿದ್ದ. ನಾನು ಅದನ್ನು ಒಪ್ಪಿಗೆ ಎಂದುಕೊಂಡಿದ್ದೆ.

ಆಗಸ್ಟಿನಲ್ಲಿ ಡಾಕ್ಟರಮ್ಮ ಗದ್ದ ಇಡುವುದನ್ನು ಕಲಿಸಿಕೊಟ್ಟರು. ಮಡಚಿದ ಒಂದು ಟವೆಲ್ ಎದುರಿಗೆ ಇಡಬೇಕು. ಅವನು ಗದ್ದವನ್ನು ಅದರ ಮೇಲೆ ಊರಿದರೆ ತಿಂಡಿ. ಒಂದು ಕ್ಷಣ, ಆಮೇಲೆ ಎರಡು, ಆಮೇಲೆ ಐದು ಎಣಿಸುವಷ್ಟು ಹೊತ್ತು. ಅದು ರೂಢಿಯಾದ ಮೇಲೆ ಬ್ರಷ್. ಗದ್ದ ಟವೆಲಿನ ಮೇಲೆ ಇರುವವರೆಗೆ ಬಾಚುವುದು; ಎತ್ತಿದರೆ ಆ ಕ್ಷಣವೇ ಕೈ ತೆಗೆಯುವುದು. ಗದರಿಕೆ ಇಲ್ಲ, ಮುದ್ದಿನ ಬಲವಂತವೂ ಇಲ್ಲ. ಅವನು ಮತ್ತೆ ಗದ್ದ ಇಟ್ಟರೆ ಮತ್ತೆ ಬಾಚುವುದು.

ಗಂಡನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಎತ್ತಿದರೆ ಬಿಡುತ್ತಾರೆ ಎಂದು ಕಲಿತುಬಿಟ್ಟರೆ ಬಾಚಿಸಿಕೊಳ್ಳುತ್ತಾನೆಯೇ? ನಾಯಿ ನಮ್ಮ ಮಾತು ಕೇಳಬೇಕೋ, ನಾವು ನಾಯಿಯ ಮಾತು ಕೇಳಬೇಕೋ?" ಎಂದರು. ನನಗೂ ಒಳಗೊಳಗೆ ಅದೇ ಅನುಮಾನವಿತ್ತು. ಮೊದಲ ಕೆಲವು ದಿನ ಕಂಬಳಿ ಎರಡೆರಡು ಕ್ಷಣಕ್ಕೆ ತಲೆ ಎತ್ತಿದ. ಪ್ರತಿ ಸಲವೂ ಕೈ ತೆಗೆದೆ. ಒಂದು ದಿನವಂತೂ ಹದಿನಾಲ್ಕು ಸಲ ಎತ್ತಿದ್ದಾನೆ, ಪುಸ್ತಕದಲ್ಲಿದೆ. ಒಂಬತ್ತನೆಯ ದಿನ ಸಂಜೆ, ಮಳೆ ಸ್ವಲ್ಪ ಹೊಳವಾಗಿದ್ದಾಗ, ಗದ್ದವಿಟ್ಟವನು ಎತ್ತಲಿಲ್ಲ. ಭುಜದಿಂದ ಸೊಂಟದವರೆಗೆ ಒಂದು ಪಕ್ಕೆ ಪೂರ್ತಿ ಬಾಚಿದೆ. ನಡುವೆ ಒಮ್ಮೆ ನಿಟ್ಟುಸಿರು ಬಿಟ್ಟ, ಅಷ್ಟೇ. ನನಗೆ ತೋರುವುದು ಇಷ್ಟು: ತಲೆ ಎತ್ತಿದರೆ ಕೈ ಹೋಗುತ್ತದೆ ಎಂಬ ಭರವಸೆ ಬರುವವರೆಗೆ ಅವನು ಅದನ್ನು ಪರೀಕ್ಷಿಸುತ್ತಲೇ ಇದ್ದ. ಬಂದ ಮೇಲೆ ಪರೀಕ್ಷಿಸುವ ಅಗತ್ಯ ಉಳಿಯಲಿಲ್ಲ. ಗಂಡ ಜಗಲಿಯ ಮೂಲೆಯಲ್ಲಿ ಅಡಿಕೆ ಲೆಕ್ಕ ಬರೆಯುತ್ತಾ ಕೂತಿದ್ದರು. ಆಮೇಲೆ ಆ ಮಾತು ಎತ್ತಲಿಲ್ಲ.

ಇನ್ನು ಅತ್ತೆಯ ಪಾಲು. ಕೂದಲು ಮತ್ತೆ ಬೆಳೆಯುತ್ತಿತ್ತು. ನಾನು ಮೇಲಿಂದ ಮೇಲೆ ಬ್ರಷ್ ಆಡಿಸುತ್ತಿದ್ದೆ; ಹೊರಗೆ ನಯವಾಗಿ ಹೊಳೆಯುತ್ತಿತ್ತು, ಸ್ಟೀಲ್ ಬಾಚಣಿಗೆ ಹಾಕಿದರೆ ಬುಡದಲ್ಲಿ ತಡೆಯುತ್ತಿತ್ತು. ಅತ್ತೆ ಒಂದು ದಿನ ನೋಡುತ್ತಾ ಇದ್ದು, "ಕೂಸಿನ ತಲೆಗೆ ಹೀಗೆ ಬಾಚುತ್ತೀಯಾ ನೀನು? ಬೈತಲೆ ತೆಗೆಯದೆ?" ಎಂದರು. ಗೋಣಿತಾಟಿನ ಬಳಿ ಬಂದು ಕೂತು, ಎಡಗೈಯಲ್ಲಿ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದು, ಚರ್ಮ ಕಾಣುವಂತೆ ಒಂದು ಗೆರೆ ಬಿಡಿಸಿ, ಆ ಗೆರೆಯಿಂದ ಒಂದಿಷ್ಟೇ ಕೂದಲನ್ನು ಕೆಳಗೆ ಬಿಟ್ಟು ಬಾಚಿದರು. ಆಮೇಲೆ ಅದರ ಮೇಲಿನ ಗೆರೆ. ಸಿಕ್ಕು ಸಿಕ್ಕಿದಲ್ಲಿ ಅದರ ಬುಡವನ್ನು ಬೆರಳಿನಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಮೇಲಕ್ಕೆ ಬಿಡಿಸಿದರು. ಎಳೆತವೆಲ್ಲ ಅವರ ಬೆರಳಿಗೆ, ಚರ್ಮಕ್ಕೆ ಏನೂ ಇಲ್ಲ. ಸೊಂಟ ಮೀರುವ ಕೂದಲಿದ್ದ ಮೂವರು ಹೆಣ್ಣುಮಕ್ಕಳಿಗೆ ಸೀರಣಿಗೆ ಹಾಕಿ, ಜಡೆ ಹೆಣೆದು ಶಾಲೆಗೆ ಕಳಿಸಿದ ಕೈ ಅದು. ಮುಂದೆ ಕ್ಲಿಪ್ಪರ್ ಹಿಡಿದವರೊಬ್ಬರು ಉದ್ದ ಕೂದಲ ನಾಯಿಗಳಿಗೆ ಸರಿಯಾದ ಕ್ರಮ ಎಂದು ನನಗೆ ತೋರಿಸಿದ್ದು ಅಕ್ಷರಶಃ ಇದನ್ನೇ. ಬಿಗಿಯಾದ ಸಣ್ಣ ಗಂಟಿಗೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಉಜ್ಜಿದರೆ ಎಳೆಗಳು ಜಾರುತ್ತವೆ ಎಂಬುದಷ್ಟೇ ಅತ್ತೆಗೆ ಗೊತ್ತಿಲ್ಲದ ಉಪಾಯವಾಗಿತ್ತು.

ಸ್ನಾನದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಾವು ಬಳಸುವ ಶಾಂಪೂ ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ, ಅದರದೇ ತರಬೇಕು. ಒರೆಸುವಾಗ ಟವೆಲ್ ಉಜ್ಜಿದರೆ ಮತ್ತೆ ಸಿಕ್ಕು. ಒತ್ತಿ ಒತ್ತಿ ನೀರು ಹೀರಿಸಬೇಕು. ಹೇರ್ ಡ್ರೈಯರ್ ಸದ್ದನ್ನು ಮೊದಲು ಪಕ್ಕದ ಕೋಣೆಯಲ್ಲಿ ಹಾಕಿ, ಇಲ್ಲಿ ಅವನಿಗೆ ಮೊಸರು ಬಳಿದ ತಟ್ಟೆ ಕೊಟ್ಟು, ದಿನಕ್ಕೊಂದಡಿಯಂತೆ ಹತ್ತಿರ ತಂದೆವು. ಉಗುರು ದಿನಕ್ಕೆ ಒಂದೇ. ಅವನ ಉಗುರು ಕಪ್ಪು, ಒಳಗಿನ ರಕ್ತನಾಳ ಕಾಣುವುದಿಲ್ಲ. ಅಕ್ಕಿಕಾಳಿನ ತುದಿಯಷ್ಟೇ ಕತ್ತರಿಸಬೇಕು. ಒಮ್ಮೆ ಹೆಚ್ಚಾಗಿ ರಕ್ತ ಬಂತು. ಕಾರ್ನ್‌ಫ್ಲೋರ್ ಒತ್ತಿ ಹಿಡಿದೆ, ನಿಂತಿತು. ಆದರೆ ಆ ಕಾಲನ್ನು ಅವನು ಮತ್ತೆ ಕೊಡಲು ಮೂರು ವಾರ ಬೇಕಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ದೀಪಾವಳಿಯಲ್ಲಿ. ಹಬ್ಬದ ಹಿಂದಿನ ಸಂಜೆ ಜಗಲಿಯಲ್ಲಿ ಬಾಚುತ್ತಿದ್ದಾಗ ರಸ್ತೆಯಲ್ಲಿ ಯಾರೋ ಆಟಂ ಬಾಂಬ್ ಹಚ್ಚಿದರು. ಬ್ರಷ್ ಅವನ ಬೆನ್ನ ಮೇಲಿತ್ತು. ಸದ್ದೂ ಬ್ರಷ್ಷೂ ಅವನ ಮನಸ್ಸಿನಲ್ಲಿ ಒಂದಕ್ಕೊಂದು ಅಂಟಿಕೊಂಡವು. ಮರುದಿನ ಗೋಣಿತಾಟು ಕಂಡರೆ ಸಾಕು, ಬಾಲ ಕಾಲ ಸಂದಿಗೆ ಹೋಗುತ್ತಿತ್ತು. ಐದು ತಿಂಗಳ ಶ್ರಮ ಹೋಯಿತೆಂದು ಆ ರಾತ್ರಿ ನಾನು ನಿಜವಾಗಿ ಕಣ್ಣೀರಿಟ್ಟೆ. ಹಬ್ಬದ ಮೂರು ದಿನ ಏನೂ ಮಾಡದೆ, ನಾಲ್ಕನೆಯ ದಿನ ಮತ್ತೆ ಮೊದಲ ವಾರದ ಪಾಠ ಹಿಡಿದೆ: ಬ್ರಷ್ ಕಾಣುವುದು, ಪನೀರ್ ಬರುವುದು. ಹದಿನೆಂಟು ದಿನ ಹಿಡಿದಿದ್ದ ದಾರಿ ಈ ಸಲ ಎಂಟು ದಿನಕ್ಕೆ ಮುಗಿಯಿತು. ಕಲಿತದ್ದು ಎಲ್ಲಿಯೂ ಹೋಗಿರಲಿಲ್ಲ, ಭಯದ ಅಡಿಯಲ್ಲಿ ಇತ್ತು.

ಒಂಬತ್ತನೆಯ ತಿಂಗಳಿಗೆ ಮರಿಯ ಕೂದಲು ಉದುರಿ ದೊಡ್ಡ ನಾಯಿಯ ಕೂದಲು ಬರತೊಡಗಿತು. ಹಳೆಯದು ಹೊಸದರಲ್ಲಿ ಸಿಕ್ಕಿಕೊಂಡು, ಬೆಳಿಗ್ಗೆ ಬಿಡಿಸಿದರೆ ಸಂಜೆಗೆ ಗಂಟು. ಉದ್ದ ಕೂದಲ ನಾಯಿಯನ್ನು ಸಾಕಿದವರು ಸೋತು ಪೂರ್ತಿ ಬೋಳಿಸುವುದು ಹೆಚ್ಚಾಗಿ ಈ ತಿಂಗಳುಗಳಲ್ಲೇ. ನಾವು ನಡುವಿನ ದಾರಿ ಹಿಡಿದೆವು. ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಕರೆದೊಯ್ದು ಮೈಯ ಕೂದಲನ್ನು ಒಂದೂವರೆ ಇಂಚಿಗೆ ಇಳಿಸಿದೆವು. ನೆಲ ಗುಡಿಸುವಂಥ ಕೂದಲು ಪ್ರದರ್ಶನದ ವೇದಿಕೆಗೆ ಸರಿ. ತೋಟದಲ್ಲಿ ಓಡಾಡುವ ನಾಯಿಗೆ ಅದು ಹೊರೆ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಕತ್ತರಿಸುವ ಹುಡುಗ ಕೊರಳಿಗೆ ಕುಣಿಕೆ ಹಾಕಲು ಬಂದಾಗ, ದಯವಿಟ್ಟು ಇದನ್ನು ಒಮ್ಮೆ ನೋಡಿ ಎಂದು ಟವೆಲನ್ನು ಮೇಜಿನ ಮೇಲೆ ಇಟ್ಟೆ. ಕಂಬಳಿ ಒಂದು ಕ್ಷಣ ಸುತ್ತಲೂ ನೋಡಿ ಗದ್ದ ಊರಿದ. ಹುಡುಗ ಕುಣಿಕೆಯನ್ನು ಕೆಳಗೆ ಇಟ್ಟ. ಕೂದಲನ್ನು ಗೆರೆ ಬಿಡಿಸಿ ಬಾಚುವುದನ್ನು ನನಗೆ ತೋರಿಸಿದವನು ಅವನೇ. ನಡುವೆ ಕಂಬಳಿ ಆರು ಸಲ ತಲೆ ಎತ್ತಿದ. ಆರು ಸಲವೂ ಹುಡುಗ ಕ್ಲಿಪ್ಪರ್ ಹಿಂದಕ್ಕೆ ತೆಗೆದು ಕಾದ.

ಜನವರಿಯ ಒಂದು ಸಂಜೆ, ತೋಟದಿಂದ ಬಂದವನ ಮುಂಗಾಲನ್ನು ಬೆರಳಿನಿಂದ ಬಿಡಿಸಿ ನೋಡುತ್ತಿದ್ದಾಗ ಎರಡು ಬೆರಳ ನಡುವೆ ಉಣುಗು ಕಚ್ಚಿಕೊಂಡಿತ್ತು. ಎಳ್ಳಿಗಿಂತ ಸ್ವಲ್ಪ ದೊಡ್ಡದು. ಮಗಳು ಚಿಮಟ ತಂದುಕೊಟ್ಟಳು. ಕೈಗವಸು ಹಾಕಿಕೊಂಡು, ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆದೆ. ಅವನ ಗದ್ದ ಟವೆಲಿನ ಮೇಲೆಯೇ ಇತ್ತು. ಕಾಲು ಮಾತ್ರ ಒಮ್ಮೆ ನಡುಗಿತು. ಪನೀರ್ ಡಬ್ಬಿಯಲ್ಲಿ ಇದ್ದಷ್ಟನ್ನೂ ಮಗಳು ಅವನ ಮುಂದೆ ಸುರಿದಳು. ಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಈಗ ದಿನವೂ ಸಂಜೆ ಹತ್ತು ನಿಮಿಷ ಬಾಚುತ್ತೇವೆ. ಬೆನ್ನು, ಪಕ್ಕೆ, ಬಾಲ, ಎಡಗಿವಿ ಎಲ್ಲ ಆಗುವವರೆಗೆ ಕಣ್ಣು ಅರೆಮುಚ್ಚಿ ಮಲಗಿರುತ್ತಾನೆ. ಬಲಗಿವಿಯ ಹಿಂದೆ, ಜೂನ್‌ನಲ್ಲಿ ಆ ಗಂಟು ಇದ್ದ ಜಾಗಕ್ಕೆ ಬಾಚಣಿಗೆ ಬಂದಾಗ ಇನ್ನೂ ತಲೆ ಎತ್ತುತ್ತಾನೆ. ನಿನ್ನೆ ಮೂರು ಸಲ ಎತ್ತಿದ. ಮೂರು ಸಲವೂ ಕೈ ತೆಗೆದು ಕಾದೆ. ನಾಲ್ಕನೆಯ ಸಲ ಇಟ್ಟ ಗದ್ದವನ್ನು ಎತ್ತಲಿಲ್ಲ.